ಕೊಲೆಗಾರನ ಮಾತು ಕೇಳಿಸಿಕೊಂಡವರು

ಕೊಲೆ ಮಾಡಿದವನೇ ತನ್ನ ಕೊಲೆಯ ಕಥೆ ಹೇಳುವ ಬರವಣಿಗೆ ಇಂಗ್ಲಿಷಿನಲ್ಲಿ ಬೇರೂರಿದ್ದು ಲಂಡನ್ನಿನ ನ್ಯೂಗೇಟ್ ಜೈಲಿನಲ್ಲಿ. ಗಲ್ಲು ಶಿಕ್ಷೆಯಾದ ಕೈದಿಗಳಿಗೆ ಕೊನೆಯ ದಿನಗಳಲ್ಲಿ ಪ್ರಾರ್ಥನೆ ಹೇಳಿಕೊಡಲು, ಟೈಬರ್ನ್‌ನ ನೇಣುಗಂಬದವರೆಗೆ ಜೊತೆಗೆ ಹೋಗಲು ಅಲ್ಲಿ ಒಬ್ಬ ಪಾದ್ರಿಯನ್ನು ನೇಮಿಸಿದ್ದರು. ಕೈದಿ ಎಲ್ಲಿ ಹುಟ್ಟಿದ, ಹೇಗೆ ಕೆಟ್ಟ, ಏನು ಮಾಡಿದ, ಸಾಯುವಾಗ ಏನಂದ ಎಂಬುದನ್ನು ಬರೆದು ಅಚ್ಚು ಹಾಕಿಸಿ ಮಾರಿಕೊಳ್ಳುವುದು ಆ ಹುದ್ದೆಗೆ ಅಂಟಿಕೊಂಡಿದ್ದ ಮೇಲಾದಾಯ. 1676ರಿಂದ 1772ರವರೆಗೆ ಇಂಥ 400ಕ್ಕೂ ಹೆಚ್ಚು ಸಂಚಿಕೆಗಳು ಹೊರಬಂದವು. ಸುಮಾರು 2,500 ಕೈದಿಗಳ ಬದುಕು ಅವುಗಳಲ್ಲಿ ದಾಖಲಾಗಿದೆ. ಅಲ್ಲಿ ಮಾತು ಕೊಲೆಗಾರನದೇ, ಆದರೆ ಅವನ ಎದುರಿಗೆ ಯಾವಾಗಲೂ ಪಾದ್ರಿ ಕೂತಿರುತ್ತಿದ್ದ. ಓದುಗನಿಗೆ ದಕ್ಕುತ್ತಿದ್ದದ್ದು ಪಾದ್ರಿ ಕೇಳಿ, ತೂಗಿ, ತಿದ್ದಿ ಬರೆದದ್ದು ಮಾತ್ರ. ಅಪರಾಧ ಸಾಹಿತ್ಯದ ಅತ್ಯಂತ ಕರಾಳವಾದ ಈ ಕವಲು ಮುಂದೆ ಬೆಳೆದ ಬಗೆಯನ್ನು ತಿಳಿಯಬೇಕಾದರೆ ಕೊಲೆಗಾರನ ಮೇಲಷ್ಟೇ ಅಲ್ಲ, ಹೀಗೆ ಎದುರು ಕೂತು ಕೇಳಿಸಿಕೊಂಡವನ ಮೇಲೂ ಕಣ್ಣಿಡಬೇಕು. ಅವನು ಯಾರು, ಎಷ್ಟು ಹೊತ್ತು ಕೂತ, ಯಾವಾಗ ಎದ್ದು ಹೋದ ಎಂಬುದು ಬದಲಾದ ಹಾಗೆಲ್ಲ ಓದುವ ಅನುಭವವೂ ಬದಲಾಗಿದೆ.

ಪಾದ್ರಿಯ ಏಕಸ್ವಾಮ್ಯ ಮುರಿದ ಮೇಲೆ ಈ ವ್ಯಾಪಾರ ಬೀದಿಗೆ ಬಂತು. ಲಂಡನ್ನಿನ ಸೆವೆನ್ ಡಯಲ್ಸ್ ಬಡಾವಣೆಯ ಮುದ್ರಕ ಜೇಮ್ಸ್ ಕ್ಯಾಟ್‌ನಾಕ್ ಮತ್ತು ಅವನ ಸರೀಕರು ಒಂದೇ ಹಾಳೆಯ ಅಗ್ಗದ ಕಾಗದದಲ್ಲಿ ಕೊಲೆಗಾರನ ‘ಕೊನೆಯ ಮಾತು’ಗಳನ್ನು ಅಚ್ಚು ಹಾಕಿದರು. ಮೇಲೆ ನೇಣಿನ ಮರದಚ್ಚಿನ ಚಿತ್ರ, ನಡುವೆ ವಿಚಾರಣೆಯ ಸುದ್ದಿ, ಕೆಳಗೆ ಕೊಲೆಗಾರನೇ ಹಾಡಿಕೊಂಡಂತಿರುವ ಪದ್ಯ. ಒಂದೇ ಮರದಚ್ಚು ಎಷ್ಟೋ ಜನರ ನೇಣಿಗೆ ಬಳಕೆಯಾಗುತ್ತಿತ್ತು. ಪದ್ಯ ಬರೆದವನಿಗೆ ಸಿಗುತ್ತಿದ್ದದ್ದು ಒಂದು ಶಿಲ್ಲಿಂಗ್. ಅವನು ಕೈದಿಯ ಮುಖವನ್ನೂ ನೋಡಿರುತ್ತಿರಲಿಲ್ಲ. ಗಲ್ಲಿಗೆ ಏರಿಸುವ ಹೊತ್ತಿಗೆ ಹಾಳೆ ಮೊದಲೇ ಸಿದ್ಧವಾಗಿ, ಸೇರಿದ ಗುಂಪಿನ ನಡುವೆ ಮಾರಾಟವಾಗುತ್ತಿತ್ತು. ಬೀದಿ ವ್ಯಾಪಾರಿಗಳನ್ನು ವಿಚಾರಿಸಿ ಹೆನ್ರಿ ಮೇಹ್ಯೂ ಎಂಬ ಪತ್ರಕರ್ತ ಬರೆದಿಟ್ಟ ಲೆಕ್ಕದ ಪ್ರಕಾರ, 1849ರಲ್ಲಿ ನೇಣಿಗೇರಿದ ಮ್ಯಾನಿಂಗ್ ದಂಪತಿಗಳ ಹಾಳೆ ಖರ್ಚಾದದ್ದು 25 ಲಕ್ಷ ಪ್ರತಿ. ವ್ಯಾಪಾರಿಗಳ ಬಾಯಿಲೆಕ್ಕವಾದ್ದರಿಂದ ಇದರಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಕೊಲೆಗಾರನ ‘ನಾನು’ ಎಂಬ ದನಿಗೆ ಎಷ್ಟು ದೊಡ್ಡ ಮಾರುಕಟ್ಟೆಯಿತ್ತೆಂಬುದು ಅದರಿಂದ ಸ್ಪಷ್ಟ. ಆ ದನಿ ಕೃತಕವಾಗಿತ್ತು, ಪಶ್ಚಾತ್ತಾಪವೂ ಸಿದ್ಧ ಅಚ್ಚಿನದೇ. ಪಶ್ಚಾತ್ತಾಪವೇ ಇಲ್ಲದ ಕೊಲೆಗಾರನಿಗೆ ಅಲ್ಲಿ ಜಾಗವಿರಲಿಲ್ಲ.

ಆ ಜಾಗ ಮಾಡಿಕೊಟ್ಟವನು ಸ್ಕಾಟ್ಲೆಂಡಿನ ಒಬ್ಬ ಕುರಿಗಾಹಿ. ಎಟ್ರಿಕ್ ಕಣಿವೆಯಲ್ಲಿ 1770ರಲ್ಲಿ ಹುಟ್ಟಿದ ಜೇಮ್ಸ್ ಹಾಗ್ ಶಾಲೆ ಕಂಡದ್ದು ಕೆಲವೇ ತಿಂಗಳು. ಓದು ಬರಹ ಗಟ್ಟಿಮಾಡಿಕೊಂಡದ್ದು ಕುರಿ ಕಾಯುತ್ತಲೇ. 1824ರಲ್ಲಿ ಅವನು ಹೆಸರು ಹಾಕದೆ ಪ್ರಕಟಿಸಿದ ‘ದಿ ಪ್ರೈವೇಟ್ ಮೆಮಾಯರ್ಸ್ ಅಂಡ್ ಕನ್ಫೆಷನ್ಸ್ ಆಫ್ ಎ ಜಸ್ಟಿಫೈಡ್ ಸಿನ್ನರ್’ ಈ ಪ್ರಕಾರದ ಮೊದಲ ದೊಡ್ಡ ಕೃತಿ. ಅದರ ನಾಯಕ ರಾಬರ್ಟ್ ರಿಂಗಿಮ್ ತಾನು ದೇವರು ಆರಿಸಿಕೊಂಡವನು ಎಂದು ನಂಬಿದವನು. ಸ್ವರ್ಗದಲ್ಲಿ ಜಾಗ ಮೊದಲೇ ನಿಶ್ಚಯವಾಗಿರುವವನಿಗೆ ಯಾವ ಪಾಪವೂ ತಟ್ಟುವುದಿಲ್ಲ ಎಂಬುದು ಅವನ ತರ್ಕ. ಗಿಲ್-ಮಾರ್ಟಿನ್ ಎಂಬ ನಿಗೂಢ ಗೆಳೆಯ ಆ ತರ್ಕಕ್ಕೆ ನೀರೆರೆಯುತ್ತಾನೆ. ರಾಬರ್ಟ್ ಮೊದಲು ಒಬ್ಬ ಧರ್ಮಬೋಧಕನನ್ನು, ಆಮೇಲೆ ಸ್ವಂತ ಅಣ್ಣನನ್ನು ಕೊಲ್ಲುತ್ತಾನೆ. ಕೊಂದದ್ದಕ್ಕೆ ನಾಚಿಕೆಯಿಲ್ಲ, ಕೊಲ್ಲಲು ಹಿಂಜರಿದದ್ದಕ್ಕೆ ಮಾತ್ರ ಬೇಸರ.

ಹಾಗ್ ಕಟ್ಟಿದ ರಚನೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಮೊದಲು ಒಬ್ಬ ಸಂಪಾದಕ ಬಂದು ನಡೆದದ್ದನ್ನು ದಾಖಲೆಗಳ ಆಧಾರದಲ್ಲಿ ವಿವರಿಸುತ್ತಾನೆ. ನಂತರ ರಾಬರ್ಟ್ ಅದೇ ಘಟನೆಗಳನ್ನು ತನ್ನ ಬಾಯಿಂದ ಹೇಳುತ್ತಾನೆ. ಕೊನೆಗೆ ಸಂಪಾದಕ ಮತ್ತೆ ಬಂದು ಆತ್ಮಹತ್ಯೆ ಮಾಡಿಕೊಂಡವನೊಬ್ಬನ ಗೋರಿ ಅಗೆಸುತ್ತಾನೆ, ಅಲ್ಲಿಯೇ ಈ ಹಸ್ತಪ್ರತಿ ಸಿಕ್ಕಿತೆನ್ನುತ್ತಾನೆ. ಗೋರಿಯ ದಾರಿ ತೋರಿಸಲು ಹಾಗ್ ಎಂಬ ಕುರಿಗಾಹಿಯನ್ನೇ ಕೇಳಿದಾಗ, ಕುರಿ ಮಾರುವ ಕೆಲಸವಿದೆಯೆಂದು ಅವನು ಬರಲು ಒಪ್ಪುವುದಿಲ್ಲ. ಹೀಗೆ ಸಂಪಾದಕ ಪಾದ್ರಿಯ ಜಾಗದಲ್ಲಿ ಬಂದು ಕೂತಿದ್ದಾನೆ, ಆದರೆ ಆ ಕೊಲೆಗಾರನನ್ನು ಅರ್ಥಮಾಡಿಕೊಳ್ಳಲು ಅವನಿಗೆ ಸಾಧ್ಯವಾಗಿಲ್ಲ. ಇದು ಪಿಶಾಚಿಯ ಕೆಲಸವೋ ಹುಚ್ಚೋ ಎಂದು ತೀರ್ಮಾನಿಸಲಾಗದೆ ಕೈಚೆಲ್ಲುತ್ತಾನೆ. ಪುಸ್ತಕ ಆ ಕಾಲದಲ್ಲಿ ಸೋತಿತು. 1947ರಲ್ಲಿ ಫ್ರೆಂಚ್ ಲೇಖಕ ಆಂದ್ರೆ ಜೀದ್ ಮುನ್ನುಡಿಯೊಂದಿಗೆ ಮರುಮುದ್ರಣವಾದ ಮೇಲೆಯೇ ಅದಕ್ಕೆ ತಕ್ಕ ಓದುಗರು ಸಿಕ್ಕಿದ್ದು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾದ ಈ ಪುಸ್ತಕವನ್ನು ಈ ಪರಂಪರೆಯ ಅತ್ಯುತ್ತಮ ಕೃತಿಯೆಂದರೆ ತಪ್ಪಾಗದು.

ಈ ಪರಂಪರೆಯ ಮುಂದಿನ ಘಟ್ಟ ಭಾರತದಲ್ಲಿದೆ, ಅದರಲ್ಲೂ ಇವತ್ತಿನ ಕರ್ನಾಟಕದ ನಂಟಿರುವ ಒಬ್ಬನ ಕೈಯಲ್ಲಿ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ವಯಸ್ಸಿಗೆ ಮುಂಬಯಿಗೆ ಬಂದು, ಹೈದರಾಬಾದ್ ನಿಜಾಮನ ಸೇವೆಗೆ ಸೇರಿದವನು. 1840ರ ದಶಕದ ಆರಂಭದಿಂದ 1853ರವರೆಗೆ ಅವನು ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. ಬಾಲಕ ರಾಜ ವೆಂಕಟಪ್ಪ ನಾಯಕ ಅವನ ಕಣ್ಣೆದುರಿಗೇ ಬೆಳೆದ. ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಪ್ರಾಣ ತೆತ್ತ. ಸುರಪುರದ ಗುಡ್ಡದ ಮೇಲೆ ಟೇಲರ್ ಕಟ್ಟಿಸಿದ ‘ಟೇಲರ್ ಮಂಜಿಲ್’ ಈಗಲೂ ನಿಂತಿದೆ. ರಾಜನಕೋಳೂರಿನ ಶಿಲಾಸಮಾಧಿಗಳನ್ನು ಮೊದಲು ವಿವರವಾಗಿ ವರದಿ ಮಾಡಿದವನೂ ಅವನೇ. ಆದರೆ ಲಂಡನ್ನಿನಲ್ಲಿ ಅವನಿಗೆ ಹೆಸರು ತಂದದ್ದು ಸುರಪುರಕ್ಕೆ ಬರುವ ಮೊದಲೇ, ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ 1839ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’.

1830ರ ದಶಕದಲ್ಲಿ ಕಂಪನಿ ಸರ್ಕಾರ ಜಬಲ್ಪುರದ ಅಧಿಕಾರಿ ವಿಲಿಯಂ ಸ್ಲೀಮನ್‌ನ ಮುಂದಾಳತ್ವದಲ್ಲಿ ಥಗ್ಗರ ಬೇಟೆಗೆ ಇಳಿದಿತ್ತು. ದಾರಿಹೋಕರ ಸ್ನೇಹ ಸಂಪಾದಿಸಿ, ಕೆಲವು ದಿನ ಜೊತೆಗೆ ನಡೆದು, ನಿರ್ಜನ ಜಾಗದಲ್ಲಿ ಕುತ್ತಿಗೆಗೆ ಬಟ್ಟೆ ಸುತ್ತಿ ಕೊಂದು ಹೂಳುವ ಗುಂಪುಗಳಿವು. ಹೆಣ ಸಿಗುತ್ತಿರಲಿಲ್ಲ, ಸಾಕ್ಷಿಯೂ ಇರುತ್ತಿರಲಿಲ್ಲ. ಹೀಗಾಗಿ ಇಡೀ ಕಾರ್ಯಾಚರಣೆ ನಿಂತದ್ದು ಮಾಫಿ ಸಾಕ್ಷಿಗಳ ಮೇಲೆ, ಅಂದರೆ ಜೀವ ಉಳಿಸಿಕೊಳ್ಳಲು ಜೊತೆಗಾರರ ಹೆಸರು ಹೇಳಿದ ಥಗ್ಗರ ಮೇಲೆ. 1836ರ 30ನೇ ಕಾಯಿದೆ ಥಗ್ಗರ ಗುಂಪಿಗೆ ಸೇರಿದ್ದನ್ನೇ ಜೀವಾವಧಿ ಶಿಕ್ಷೆಗೆ ಸಾಕಾಗುವ ಅಪರಾಧವನ್ನಾಗಿಸಿತು. ಸಾವಿರಾರು ಪುಟಗಳ ಹೇಳಿಕೆ ದಾಖಲಾಯಿತು. ನಿಜಾಮನ ಸೀಮೆಯಲ್ಲಿ ಅಂಥ ಹೇಳಿಕೆಗಳನ್ನು ಕೇಳಿ ಬರೆದುಕೊಂಡವರಲ್ಲಿ ಟೇಲರ್ ಒಬ್ಬ.

ಅವನ ಕಾದಂಬರಿಯ ಅಮೀರ್ ಅಲಿ ಜೈಲಿನಲ್ಲಿ ಒಬ್ಬ ಸಾಹೇಬನ ಎದುರು ಕೂತು ಕಥೆ ಹೇಳುತ್ತಾನೆ. 719 ಕೊಲೆಗಳಲ್ಲಿ ತನ್ನ ಕೈಯಿದೆ ಎನ್ನುತ್ತಾನೆ. ನಡುವೆ ಹನ್ನೆರಡು ವರ್ಷ ಜೈಲಿನಲ್ಲಿ ಕಳೆಯದಿದ್ದರೆ ಸಾವಿರ ಮುಟ್ಟುತ್ತಿತ್ತೆಂದು ಕೊರಗುತ್ತಾನೆ. ವಿವರಗಳು ನಿಖರವಾಗಿವೆ. ಬಲಿಯಾಗುವವನ ಹಿಂದೆ ಒಬ್ಬ ರುಮಾಲು ಹಿಡಿದು ಸಹಜವಾಗಿ ನಿಂತಿರುತ್ತಾನೆ. ಹರಟೆ ನಡೆಯುತ್ತಿರುತ್ತದೆ. ಮುಖಂಡ ತಂಬಾಕು ತರಲು ಹೇಳುತ್ತಾನೆ, ಅದೇ ಸಂಕೇತ. ಗುಂಡಿ ಮೊದಲೇ ತೋಡಿಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಪಿಕಾಸಿಗೆ ಪೂಜೆ ಮಾಡಿ ಎಲ್ಲರೂ ಬೆಲ್ಲದ ಪ್ರಸಾದ ತಿನ್ನುತ್ತಾರೆ. ಇಷ್ಟೆಲ್ಲ ಹೇಳುವ ಅಮೀರ್ ಅಲಿ ಮಾತಿನಲ್ಲಿ ವಿನಯವಂತ, ಉಡುಪಿನಲ್ಲಿ ಶುಚಿ, ಮಗಳ ಮೇಲೆ ಜೀವ ಇಟ್ಟುಕೊಂಡವನು. ಓದುಗ ಅವನನ್ನು ಮೆಚ್ಚತೊಡಗುವ ಹೊತ್ತಿಗೇ ಇನ್ನೊಂದು ರುಮಾಲು ಇನ್ನೊಂದು ಕೊರಳಿಗೆ ಬೀಳುತ್ತದೆ.

ಸಾಹೇಬ ನಡುನಡುವೆ ಬಾಯಿ ಹಾಕುತ್ತಾನೆ, ಅಸಹ್ಯಪಡುತ್ತಾನೆ, ಆಮೇಲೆ ಮುಂದೆ ಹೇಳು ಎನ್ನುತ್ತಾನೆ. ಅಮೀರ್ ಅಲಿ ಅವನನ್ನು ಬಿಡುವುದಿಲ್ಲ. ಹುಲಿ, ಹಂದಿಗಳ ಬೇಟೆಗೆ ನೀವು ದಿನಗಟ್ಟಲೆ ಅಲೆಯುತ್ತೀರಲ್ಲ, ನಮ್ಮದೂ ಬೇಟೆಯೇ, ಪ್ರಾಣಿ ಮಾತ್ರ ದೊಡ್ಡದು ಎಂಬರ್ಥದ ಮಾತು ಹೇಳಿ ಇಂಗ್ಲಿಷ್ ಸಾಹೇಬರನ್ನು ತನ್ನ ಸಾಲಿಗೆ ಎಳೆದುಕೊಳ್ಳುತ್ತಾನೆ. ಕೇಳುವವನು ಕೇಳುವುದರಿಂದಲೇ ಮೈಲಿಗೆಯಾಗುತ್ತಾನೆ ಎಂಬ ಅರಿವು ಈ ಸಾಹಿತ್ಯದಲ್ಲಿ ಇಷ್ಟು ಸ್ಪಷ್ಟವಾಗಿ ಮೂಡಿದ್ದು ಇಲ್ಲೇ ಮೊದಲು. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ವಿಕ್ಟೋರಿಯಾ ರಾಣಿ ಅಚ್ಚಿನ ಕರಡನ್ನೇ ತರಿಸಿಕೊಂಡು ಓದಿದಳೆಂಬ ಮಾತು ಪ್ರಸಿದ್ಧ. ಅದೇ ಪುಸ್ತಕ ಮಾಡಿದ ಹಾನಿಯನ್ನೂ ಹೇಳಲೇಬೇಕು. ಒತ್ತಡದಲ್ಲಿ ಹೊರಟ ಮಾಫಿ ಸಾಕ್ಷಿಗಳ ಮಾತನ್ನು ಅದು ಇಡೀ ದೇಶದ ಸತ್ಯವೆಂಬಂತೆ ಹರಡಿತು. ಕಿಮ್ ವಾಗ್ನರ್, ರಾಧಿಕಾ ಸಿಂಘಾ ಮುಂತಾದ ಇತಿಹಾಸಕಾರರು ಥಗ್ಗರ ಬಗೆಗಿನ ಕಂಪನಿ ದಾಖಲೆಗಳಲ್ಲಿ ಎಷ್ಟು ವಾಸ್ತವ, ಎಷ್ಟು ಆಳುವವರ ಕಲ್ಪನೆ ಎಂದು ಕೆದಕಿ ನೋಡಿದ್ದಾರೆ. ದಾರಿಗಳ್ಳತನ ಮತ್ತು ಕೊಲೆ ಸುಳ್ಳಲ್ಲ. ಕಾಳಿಯ ಹೆಸರಿನಲ್ಲಿ ದೇಶದುದ್ದಕ್ಕೂ ಹಬ್ಬಿದ ವಂಶಪಾರಂಪರ್ಯ ಸಂಘವೊಂದಿತ್ತು ಎಂಬ ಚಿತ್ರಕ್ಕೆ ಆಧಾರ ಬಲು ತೆಳು. ಅದೇ ಯೋಚನೆ ಬೆಳೆದು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಾಯಿತು, ಹುಟ್ಟಿದ ಜಾತಿಯ ಕಾರಣಕ್ಕೇ ಲಕ್ಷಾಂತರ ಜನ ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕುವಂತಾಯಿತು.

ಅಮೆರಿಕದ ಎಡ್ಗರ್ ಅಲನ್ ಪೋ ಇದೇ ಕಾಲದಲ್ಲಿ ಕೇಳುವವನ ಹೆಸರು, ಹುದ್ದೆ, ಮುಖ ಎಲ್ಲವನ್ನೂ ಅಳಿಸಿಹಾಕಿದ. 1843ರ ಜನವರಿಯಲ್ಲಿ ‘ದಿ ಪಯನೀರ್’ ಪತ್ರಿಕೆಯಲ್ಲಿ ಬಂದ ‘ದಿ ಟೆಲ್-ಟೇಲ್ ಹಾರ್ಟ್’ ಕೆಲವೇ ಪುಟಗಳ ಕಥೆ. ಮುದುಕನೊಬ್ಬನನ್ನು ಅವನ ಒಂದು ಕಣ್ಣಿನ ಕಾರಣಕ್ಕೆ ಕೊಂದವನು, ತಾನು ಹುಚ್ಚನಲ್ಲ ಎಂದು ಯಾರಿಗೋ ವಾದಿಸುತ್ತಾನೆ. ಆ ಯಾರೋ ಪೊಲೀಸನೇ, ವೈದ್ಯನೇ, ನ್ಯಾಯಾಧೀಶನೇ ಎಂದು ತಿಳಿಯದು. ಹುಚ್ಚಿನ ಪ್ರಶ್ನೆಯನ್ನು ಪೋ ಗಾಳಿಯಿಂದ ಹಿಡಿದದ್ದಲ್ಲ. ಇಂಗ್ಲಿಷ್ ವೈದ್ಯ ಜೇಮ್ಸ್ ಪ್ರಿಚರ್ಡ್ 1835ರಲ್ಲೇ, ಬುದ್ಧಿ ನೆಟ್ಟಗಿದ್ದು ನೀತಿಯ ಭಾವ ಮಾತ್ರ ಕೆಟ್ಟಿರುವ ಒಂದು ಬಗೆಯ ಹುಚ್ಚಿದೆಯೆಂದು ವಾದಿಸಿದ್ದ. ಕಥೆ ಪ್ರಕಟವಾದ ತಿಂಗಳಲ್ಲೇ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಪ್ರಧಾನಿಯ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ಅವನು ಬುದ್ಧಿಭ್ರಮಣೆಯ ಕಾರಣಕ್ಕೆ ಖುಲಾಸೆಯಾದಾಗ ಎದ್ದ ಗದ್ದಲದಿಂದ ಅದೇ ವರ್ಷ ಮೆಕ್‌ನಾಟನ್ ನಿಯಮಗಳು ರೂಪುಗೊಂಡವು. 2024ರವರೆಗೆ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 84ನೇ ಕಲಮಿನ ಬೇರು ಅಲ್ಲಿದೆ. 1846ರ ‘ದಿ ಕ್ಯಾಸ್ಕ್ ಆಫ್ ಅಮಾಂಟಿಲ್ಲಾಡೊ’ದಲ್ಲಿ ಪೋ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅಲ್ಲಿನ ಕೊಲೆಗಾರ ಐವತ್ತು ವರ್ಷದ ಮೇಲೆ, ಸಿಕ್ಕಿಬೀಳದೆ, ನಡುಗದೆ ಕಥೆ ಹೇಳುತ್ತಾನೆ.

ರಷ್ಯದ ದಸ್ತಯೇವ್‌ಸ್ಕಿ ‘ಅಪರಾಧ ಮತ್ತು ಶಿಕ್ಷೆ’ಯನ್ನು ಮೊದಲು ಬರೆಯಲು ಹೊರಟದ್ದು ಕೊಲೆಗಾರ ರಸ್ಕೋಲ್ನಿಕೋವ್‌ನ ಬಾಯಲ್ಲೇ, ತಪ್ಪೊಪ್ಪಿಗೆಯ ರೂಪದಲ್ಲಿ. 1865ರ ಕೊನೆಯಲ್ಲಿ ಅದನ್ನು ಸುಟ್ಟುಹಾಕಿ, ಪ್ರಥಮ ಪುರುಷದ ನಿರೂಪಣೆಯಲ್ಲಿ ಹೊಸದಾಗಿ ಶುರುಮಾಡಿದ. ಅವನ ಟಿಪ್ಪಣಿ ಪುಸ್ತಕಗಳಲ್ಲಿ ಈ ಹೊಯ್ದಾಟ ದಾಖಲಾಗಿದೆ. ‘ನಾನು’ ಬಿಟ್ಟದ್ದರಿಂದ ಅವನಿಗೆ ಸೋನ್ಯಾ ಎಂಬ ಹುಡುಗಿಯ, ಕೊಲೆಗಾರನ ತಾಯಿಯ, ತನಿಖಾಧಿಕಾರಿ ಪೊರ್ಫಿರಿಯ ಮನಸ್ಸುಗಳೂ ದಕ್ಕಿದವು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಷರ್ಲಾಕ್ ಹೋಮ್ಸ್ ಬಂದ ಮೇಲೆ ಕೊಲೆಗಾರ ಮಾತು ಕಳೆದುಕೊಂಡ. ಪತ್ತೇದಾರಿ ಕಾದಂಬರಿಯಲ್ಲಿ ಅವನು ಒಂದು ಒಗಟಿನ ಉತ್ತರ, ಅಷ್ಟೇ. 1929ರಲ್ಲಿ ರೊನಾಲ್ಡ್ ನಾಕ್ಸ್ ಪಟ್ಟಿಮಾಡಿದ ಹತ್ತು ನಿಯಮಗಳಲ್ಲಿ ಮೊದಲನೆಯದೇ, ಯಾರ ಮನಸ್ಸಿನೊಳಗೆ ಓದುಗ ಹೊಕ್ಕು ನೋಡಿದ್ದಾನೋ ಅವನು ಅಪರಾಧಿಯಾಗಿರಬಾರದು ಎನ್ನುತ್ತದೆ. ಮೂರು ವರ್ಷ ಮೊದಲೇ ಅಗಾಥಾ ಕ್ರಿಸ್ಟಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನಲ್ಲಿ ಈ ಭರವಸೆಯನ್ನು ಮುರಿದು ಓದುಗರನ್ನು ಕೆರಳಿಸಿದ್ದಳು. ನಾಕ್ಸ್ ಸ್ವತಃ ಕ್ಯಾಥೊಲಿಕ್ ಪಾದ್ರಿ ಎಂಬುದನ್ನು ಇಲ್ಲಿ ನೆನೆಯಬಹುದು.

ನಿಜವಾದ ತಿರುವು ಅಮೆರಿಕದ ಆರ್ಥಿಕ ಕುಸಿತದ ವರ್ಷಗಳಲ್ಲಿ ಬಂತು. 1927ರಲ್ಲಿ ನ್ಯೂಯಾರ್ಕಿನ ರುತ್ ಸ್ನೈಡರ್ ಪ್ರಿಯಕರನ ಜೊತೆ ಸೇರಿ ವಿಮೆಯ ಹಣಕ್ಕಾಗಿ ಗಂಡನನ್ನು ಕೊಂದ ಪ್ರಕರಣದಿಂದ ಪ್ರೇರಿತನಾದ ಜೇಮ್ಸ್ ಎಂ. ಕೇನ್, 1934ರಲ್ಲಿ ‘ದಿ ಪೋಸ್ಟ್‌ಮ್ಯಾನ್ ಆಲ್ವೇಸ್ ರಿಂಗ್ಸ್ ಟ್ವೈಸ್’ ಬರೆದ. ಅಲೆಮಾರಿಯೊಬ್ಬ ಹೇಳುವ ಸಣ್ಣ ಪುಸ್ತಕ ಅದು. ಕೊನೆಯ ಪುಟಗಳಲ್ಲಿ ಅವನು ಗಲ್ಲು ಕೋಣೆಯಲ್ಲಿದ್ದು, ಬರೆದದ್ದನ್ನು ಜೈಲಿನ ಪಾದ್ರಿಗೆ ಒಪ್ಪಿಸುತ್ತಾನೆ. ನ್ಯೂಗೇಟಿನ ವ್ಯವಸ್ಥೆ ಇನ್ನೂ ಜೀವಂತವಾಗಿತ್ತು. ಅದನ್ನು ಮುರಿದವನು ಕೇನ್‌ನನ್ನು ಓದಿ ಕಲಿತ ಆಲ್ಬೆರ್ ಕಮೂ. 1942ರ ‘ಲೆತ್ರಾಂಜೆ’ಯಲ್ಲಿ ಅರಬನೊಬ್ಬನನ್ನು ಗುಂಡಿಟ್ಟು ಕೊಂದ ಮ್ಯೂರ್ಸೋ, ತನ್ನ ಕೋಣೆಗೆ ಪ್ರಾರ್ಥನೆಗೆಂದು ಬಂದ ಪಾದ್ರಿಯ ಕೊರಳಪಟ್ಟಿ ಹಿಡಿದು ಕೂಗಾಡಿ ಹೊರಗಟ್ಟುತ್ತಾನೆ. ಇನ್ನೂರೈವತ್ತು ವರ್ಷ ಕೊಲೆಗಾರನ ಎದುರು ಕೂತಿದ್ದವನು ಅಲ್ಲಿಂದ ಎದ್ದು ಹೋದ. ಮ್ಯೂರ್ಸೋ ಸೈಕೋಪಾತ್ ಅಲ್ಲ, ಆದರೆ ಅವನು ಖಾಲಿ ಮಾಡಿಸಿದ ಕುರ್ಚಿ ಸೈಕೋಪಾತ್ ನಿರೂಪಕನಿಗೆ ಅನುಕೂಲವಾಯಿತು.

ಸೈಕೋಪಾತ್ ಎಂಬ ಕಲ್ಪನೆಯೂ ಇದೇ ಹೊತ್ತಿಗೆ ಸ್ಪಷ್ಟ ರೂಪ ಪಡೆಯಿತು. ಅಮೆರಿಕದ ಜಾರ್ಜಿಯಾ ರಾಜ್ಯದ ಮನೋವೈದ್ಯ ಹರ್ವಿ ಕ್ಲೆಕ್ಲಿ 1941ರಲ್ಲಿ ‘ದಿ ಮಾಸ್ಕ್ ಆಫ್ ಸ್ಯಾನಿಟಿ’ ಪ್ರಕಟಿಸಿದ. ಅವನು ವಿವರಿಸಿದ ರೋಗಿಗಳು ಮಾತಿನಲ್ಲಿ ಆಕರ್ಷಕರು, ಬುದ್ಧಿವಂತರು, ಭ್ರಮೆಗಳಿಲ್ಲದವರು. ಅವರಲ್ಲಿ ಇಲ್ಲದಿರುವುದು ಪಶ್ಚಾತ್ತಾಪ, ನಾಚಿಕೆ, ಬೇರೆಯವರ ನೋವು ಮುಟ್ಟುವ ಶಕ್ತಿ. ಕೆನಡಾದ ರಾಬರ್ಟ್ ಹೇರ್ ಮುಂದೆ 1980ರಲ್ಲಿ ಇದೇ ಲಕ್ಷಣಗಳ ಜಾಡು ಹಿಡಿದು ಪರೀಕ್ಷಾ ಪಟ್ಟಿಯೊಂದನ್ನು ರೂಪಿಸಿದ. ಮಾತೇ ಮುಖವಾಡವಾಗಿರುವ ಮನುಷ್ಯನ ಈ ಚಿತ್ರ ಕಾದಂಬರಿಕಾರನಿಗೆ ಸಿಕ್ಕ ವರ. ಓದುಗನಿಗೆ ಸಿಗುವುದು ಮಾತೊಂದೇ ಆದ್ದರಿಂದ, ಮೋಸ ಹೋಗದೆ ಅವನಿಗೆ ಬೇರೆ ದಾರಿಯಿಲ್ಲ.

ಈ ಅವಕಾಶವನ್ನು ಪೂರ್ತಿ ಬಳಸಿಕೊಂಡವನು ಜಿಮ್ ಥಾಂಪ್ಸನ್. ಅವನು ಹುಟ್ಟಿದ್ದು 1906ರಲ್ಲಿ ಓಕ್ಲಹೋಮಾದಲ್ಲಿ, ತಂದೆ ಅಲ್ಲಿನ ಜಿಲ್ಲೆಯೊಂದರ ಷೆರಿಫ್ ಆಗಿದ್ದವನು. ಮಗ ಟೆಕ್ಸಸ್ಸಿನ ಫೋರ್ಟ್ ವರ್ತ್‌ನ ಹೋಟೆಲಿನಲ್ಲಿ ರಾತ್ರಿಪಾಳಿಯ ಕೆಲಸದ ಹುಡುಗನಾಗಿ, ಎಣ್ಣೆ ಬಾವಿಗಳ ಕೂಲಿಯಾಗಿ, ಅಪರಾಧ ಪತ್ರಿಕೆಗಳ ವರದಿಗಾರನಾಗಿ ಬದುಕಿದ. ಯುದ್ಧಾನಂತರದ ಅಮೆರಿಕದಲ್ಲಿ 25 ಸೆಂಟಿನ ಕಾಗದದ ರಟ್ಟಿನ ಪುಸ್ತಕಗಳ ಸುಗ್ಗಿ. ಅವು ಪುಸ್ತಕದಂಗಡಿಗಿಂತ ಹೆಚ್ಚಾಗಿ ಔಷಧದಂಗಡಿ, ಬಸ್ ನಿಲ್ದಾಣಗಳ ತಿರುಗುವ ಸ್ಟ್ಯಾಂಡುಗಳಲ್ಲಿ ಮಾರಾಟವಾಗುತ್ತಿದ್ದವು. ವಿಮರ್ಶಕರು ಅವುಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಬರೆಯುವವನಿಗೆ ಸ್ವಾತಂತ್ರ್ಯವಿತ್ತು. ಲಯನ್ ಬುಕ್ಸ್ ಎಂಬ ಸಂಸ್ಥೆಯ ಸಂಪಾದಕ ಆರ್ನಾಲ್ಡ್ ಹಾನೊ ಕೊಟ್ಟ ಕಥಾಹಂದರಗಳಲ್ಲಿ ಒಂದನ್ನು ಆರಿಸಿಕೊಂಡ ಥಾಂಪ್ಸನ್, 1952ರಲ್ಲಿ ‘ದಿ ಕಿಲ್ಲರ್ ಇನ್‌ಸೈಡ್ ಮಿ’ ಬರೆದುಕೊಟ್ಟ. ಅದೇ ವರ್ಷ ಅಮೆರಿಕದ ಸಂಸತ್ತಿನ ಸಮಿತಿಯೊಂದು ಇಂಥ ಪುಸ್ತಕಗಳು ಜನರನ್ನು ಕೆಡಿಸುತ್ತಿವೆಯೇ ಎಂದು ವಿಚಾರಣೆ ನಡೆಸುತ್ತಿತ್ತು.

ನಿರೂಪಕ ಲೂ ಫೋರ್ಡ್ ಪಶ್ಚಿಮ ಟೆಕ್ಸಸ್ಸಿನ ಸಣ್ಣ ಊರಿನ ಡೆಪ್ಯುಟಿ ಷೆರಿಫ್. ಎಲ್ಲರಿಗೂ ಬೇಕಾದವನು, ಸ್ವಲ್ಪ ಪೆದ್ದನೆಂದು ಹೆಸರಾದವನು. ಅವನಿಗೊಂದು ಗುಟ್ಟಿನ ಚಟವಿದೆ: ಎದುರು ಸಿಕ್ಕವರಿಗೆ ಸವಕಲು ನೀತಿಮಾತುಗಳನ್ನು ಒಂದರ ಮೇಲೊಂದು ಹೇಳುತ್ತಾ, ಅವರು ಸೌಜನ್ಯಕ್ಕೆ ಕಟ್ಟುಬಿದ್ದು ಓಡಿಹೋಗಲಾರದೆ ಒದ್ದಾಡುವುದನ್ನು ನೋಡಿ ಸುಖಪಡುವುದು. ಮೊದಲ ಅಧ್ಯಾಯದಲ್ಲೇ ಹಣ ಬೇಡುವ ಭಿಕಾರಿಯೊಬ್ಬನ ಅಂಗೈಗೆ ಉರಿಯುವ ಚುಟ್ಟಾ ಒತ್ತುತ್ತಾನೆ. ಮನೆಯಲ್ಲಿ ವೈದ್ಯನಾಗಿದ್ದ ಅಪ್ಪನ ಪುಸ್ತಕಗಳಿವೆ; ಅವುಗಳಿಂದ ಜರ್ಮನ್ ಮನೋವೈದ್ಯ ಕ್ರೇಪೆಲಿನ್ ಬರೆದ ರೋಗಲಕ್ಷಣಗಳನ್ನು ತೆಗೆದು ತನಗೇ ಅನ್ವಯಿಸಿಕೊಂಡು ಒಪ್ಪಿಸುತ್ತಾನೆ. ಹಾಗ್‌ನ ಸಂಪಾದಕನಿಗೆ, ಟೇಲರ್‌ನ ಸಾಹೇಬನಿಗೆ ಬಿಟ್ಟಿದ್ದ ವಿವರಣೆಯ ಕೆಲಸವನ್ನೂ ಇಲ್ಲಿ ಕೊಲೆಗಾರನೇ ವಹಿಸಿಕೊಂಡಿದ್ದಾನೆ. ಕಥೆಯ ಕೊನೆಗೆ ಅವನು ಸಾಯುತ್ತಾನೆ, ಆದರೂ ದನಿ ನಿಲ್ಲುವುದಿಲ್ಲ. ಯಾರಿಗೆ ಹೇಳುತ್ತಿದ್ದಾನೆ? ಪಾದ್ರಿಯಿಲ್ಲ, ನ್ಯಾಯಾಲಯವಿಲ್ಲ. ಬಸ್ಸಿಗೆ ಕಾಯುತ್ತಾ 25 ಸೆಂಟಿಗೆ ಪುಸ್ತಕ ಕೊಂಡವನಿಗೆ ಮಾತ್ರ.

ಥಾಂಪ್ಸನ್ 1952ರಿಂದ 1954ರ ನಡುವೆ ಸುಮಾರು 12 ಪುಸ್ತಕ ಬರೆದ, ಸ್ಟಾನ್ಲಿ ಕುಬ್ರಿಕ್‌ನ ಎರಡು ಚಿತ್ರಗಳಿಗೆ ಕೈಜೋಡಿಸಿದ, ಕುಡಿತದಲ್ಲಿ ಕರಗಿದ. 1977ರಲ್ಲಿ ತೀರಿಕೊಂಡಾಗ ಅವನ ಒಂದು ಪುಸ್ತಕವೂ ಅಮೆರಿಕದಲ್ಲಿ ಅಚ್ಚಿನಲ್ಲಿ ಇರಲಿಲ್ಲ. ಅವನನ್ನು ಉಳಿಸಿದ್ದು ಫ್ರಾನ್ಸ್. ಮಾರ್ಸೆಲ್ ದ್ಯುಅಮೆಲ್ 1945ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭಿಸಿದ ‘ಸೆರಿ ನ್ವಾರ್’ ಎಂಬ ಕಪ್ಪು ರಟ್ಟಿನ ಮಾಲೆ, ತನ್ನ 1000ನೇ ಪುಸ್ತಕವಾಗಿ 1966ರಲ್ಲಿ ಥಾಂಪ್ಸನ್‌ನ ‘ಪಾಪ್. 1280’ಯ ಅನುವಾದವನ್ನು ಹೊರತಂದಿತು. ಅದೂ ಕೊಲೆಗಾರ ಷೆರಿಫ್ ಒಬ್ಬನೇ ಹೇಳುವ ಕಥೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ಲ್ಯಾಕ್ ಲಿಜರ್ಡ್ ಪ್ರಕಾಶನ ಮರುಮುದ್ರಿಸಿದ ಮೇಲೆ ತವರಿನಲ್ಲೂ ಅವನಿಗೆ ಓದುಗರಾದರು. ಅವನ ಒಂದು ದೋಷವನ್ನು ಮುಚ್ಚಿಡುವಂತಿಲ್ಲ. ಲೂ ಫೋರ್ಡ್ ಹೊಡೆದು ಕೊಲ್ಲುವ ಹೆಂಗಸರು ಅವನ ಕಣ್ಣಿಗೆ ಕಂಡಷ್ಟೇ ನಮಗೆ ಕಾಣುತ್ತಾರೆ, ಅವನು ಕೇಳಿಸಿಕೊಂಡಷ್ಟೇ ಮಾತಾಡುತ್ತಾರೆ. ಈ ಪ್ರಕಾರದ ಬಹುಪಾಲು ಪುಸ್ತಕಗಳ ದೋಷವೂ ಇದೇ. 1947ರಲ್ಲೇ ಡೊರೊಥಿ ಬಿ. ಹ್ಯೂಸ್ ‘ಇನ್ ಎ ಲೋನ್ಲಿ ಪ್ಲೇಸ್’ನಲ್ಲಿ ಕೊಲೆಗಾರನ ಮನಸ್ಸಿನೊಳಗೇ ನಿಂತು, ಅವನ ಸುತ್ತಲಿನ ಇಬ್ಬರು ಹೆಂಗಸರು ಅವನ ನಿಜವನ್ನು ಅವನಿಗಿಂತ ಮೊದಲು ಕಂಡುಕೊಳ್ಳುವಂತೆ ಬರೆದಿದ್ದಳು. 1963ರಲ್ಲಿ ಜಾನ್ ಫೌಲ್ಸ್ ‘ದಿ ಕಲೆಕ್ಟರ್’ನಲ್ಲಿ ಅಪಹರಣಕಾರನ ನಿರೂಪಣೆಯನ್ನು ನಡುವೆ ತಡೆದು, ಬಂಧಿತಳಾದ ಮಿರಾಂಡಾಳ ದಿನಚರಿಯನ್ನು ಇಟ್ಟ. ಅದುವರೆಗೆ ಬಡಪಾಯಿಯಂತೆ ಕಂಡವನು ಅವಳ ಬರಹದಲ್ಲಿ ಏನೆಂಬುದು ಬಯಲಾಗುತ್ತದೆ.

1955ರಲ್ಲಿ ಎರಡು ಪ್ರಸಿದ್ಧ ಪುಸ್ತಕಗಳು ಬಂದವು. ಪ್ಯಾರಿಸ್ಸಿನಲ್ಲಿ ಅಚ್ಚಾದ ನಬಕೋವ್‌ನ ‘ಲೊಲಿಟಾ’ದಲ್ಲಿ ಮಗುವನ್ನು ಕೆಡಿಸಿದ ಹಂಬರ್ಟ್ ತೀರ್ಪುಗಾರರನ್ನು ಉದ್ದೇಶಿಸಿ ಮಾತಾಡುತ್ತಾನೆ; ಮುನ್ನುಡಿಗೆ ಒಬ್ಬ ಕಾಲ್ಪನಿಕ ಪಂಡಿತನೂ ಇದ್ದಾನೆ. ಹಳೆಯ ಸಂಪಾದಕನನ್ನು ನಬಕೋವ್ ಕರೆತಂದದ್ದು ಅವನ ಮಾತನ್ನು ಯಾರೂ ನಂಬದಿರಲಿ ಎಂದೇ. ಫೋರ್ಟ್ ವರ್ತ್‌ನಲ್ಲೇ ಹುಟ್ಟಿದ ಪೆಟ್ರೀಷಿಯಾ ಹೈಸ್ಮಿತ್‌ಳ ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲೆ’ಯಲ್ಲಿ ಕೊಲೆಗಾರ ‘ನಾನು’ ಎನ್ನುವುದಿಲ್ಲ, ಆದರೆ ಅವನ ಮನಸ್ಸು ಬಿಟ್ಟು ಬೇರೆಲ್ಲಿಗೂ ಕಥೆ ಹೋಗುವುದಿಲ್ಲ. ಅವನು ಸಿಕ್ಕಿಬೀಳದಿರಲಿ ಎಂದು ಓದುಗ ಹಾರೈಸತೊಡಗುತ್ತಾನೆ. 1991ರವರೆಗೆ ಬಂದ ಐದು ರಿಪ್ಲೆ ಕಾದಂಬರಿಗಳಲ್ಲಿ ಅವನಿಗೆ ಶಿಕ್ಷೆಯಾಗುವುದೇ ಇಲ್ಲ.

ಪ್ರಕಾಶಕರು ಇಂಥ ನಿರೂಪಕನ ಕುಖ್ಯಾತಿಯನ್ನು ಬಳಸಿಕೊಂಡದ್ದೂ ಉಂಟು, ಅವನಿಗೆ ಹೆದರಿದ್ದೂ ಉಂಟು. ಇಯನ್ ಬ್ಯಾಂಕ್ಸ್‌ನ ‘ದಿ ವಾಸ್ಪ್ ಫ್ಯಾಕ್ಟರಿ’ 1984ರಲ್ಲಿ ಬಂದಾಗ ಬೈದ ವಿಮರ್ಶೆಗಳನ್ನೂ ಹೊಗಳಿಕೆಯ ಜೊತೆಗೇ ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಬ್ರೆಟ್ ಈಸ್ಟನ್ ಎಲಿಸ್‌ನ ‘ಅಮೆರಿಕನ್ ಸೈಕೊ’ವನ್ನು ಒಪ್ಪಿಕೊಂಡಿದ್ದ ಸೈಮನ್ ಅಂಡ್ ಶೂಸ್ಟರ್ ಸಂಸ್ಥೆ 1990ರ ನವೆಂಬರಿನಲ್ಲಿ ಕೈಬಿಟ್ಟಿತು, 1991ರಲ್ಲಿ ವಿಂಟೇಜ್ ಅದನ್ನು ಪ್ರಕಟಿಸಿತು. ಮಹಿಳಾ ಸಂಘಟನೆಗಳು ಬಹಿಷ್ಕಾರಕ್ಕೆ ಕರೆಕೊಟ್ಟವು. ಆಸ್ಟ್ರೇಲಿಯಾದಲ್ಲಿ ಅದು ಪ್ಲಾಸ್ಟಿಕ್ ಹೊದಿಕೆಯಲ್ಲಿ ಮುಚ್ಚಿ, ವಯಸ್ಕರಿಗೆ ಮಾತ್ರ ಮಾರಾಟವಾಯಿತು. ನಿರೂಪಕ ಪ್ಯಾಟ್ರಿಕ್ ಬೇಟ್‌ಮನ್ ವಾಲ್ ಸ್ಟ್ರೀಟಿನ ಶ್ರೀಮಂತ ಯುವಕ. ಯಾರು ಯಾವ ಕಂಪನಿಯ ಸೂಟು ತೊಟ್ಟಿದ್ದಾರೆಂದು ಹೇಳುವ ದನಿಯಲ್ಲೇ ಚಿತ್ರಹಿಂಸೆಯನ್ನೂ ಹೇಳುತ್ತಾನೆ. ತಾನು ಕೊಲೆಗಾರನೆಂದು ಅವನು ವಕೀಲನಿಗೆ ಒಪ್ಪಿಕೊಂಡಾಗ, ವಕೀಲ ಅದನ್ನು ತಮಾಷೆಯೆಂದು ತಳ್ಳಿಹಾಕುತ್ತಾನೆ. ಕೇಳುವವನು ಎದುರಿಗಿದ್ದೂ ಕೇಳಿಸಿಕೊಳ್ಳದಿರುವುದು ಎಲಿಸ್ ಮುಟ್ಟಿದ ಹೊಸ ಬಿಂದು. ಆ ಒಂದು ಪ್ರಸಂಗದ ಬಲ, ಅದಕ್ಕೆ ಮುಂಚಿನ ನೂರಾರು ಪುಟಗಳ ರಕ್ತಪಾತಕ್ಕಿಲ್ಲ. ಆ ಪುಟಗಳನ್ನು ಹಾರಿಸಿ ಓದಿದವರು ಪುಸ್ತಕಕ್ಕೆ ಅನ್ಯಾಯ ಮಾಡಿದಂತಾಗದು.

ಇಪ್ಪತ್ತೊಂದನೆಯ ಶತಮಾನದಲ್ಲಿ ಈ ನಿರೂಪಕ ಮುಖ್ಯ ಮಾರುಕಟ್ಟೆಗೆ ಬಂದ. 2004ರ ಕಾದಂಬರಿಯಲ್ಲಿ ಕೆಟ್ಟವರನ್ನು ಮಾತ್ರ ಕೊಲ್ಲುವ ಕೊಲೆಗಾರನಾಗಿ ಬಂದ ಜೆಫ್ ಲಿಂಡ್ಸೆಯ ಡೆಕ್ಸ್‌ಟರ್ ಮುಂದೆ ಟಿ.ವಿ. ಧಾರಾವಾಹಿಯ ನಾಯಕನಾದ; ಅಷ್ಟರಮಟ್ಟಿಗೆ ಅವನ ಕಚ್ಚುವ ಹಲ್ಲು ಕಿತ್ತಂತಾಯಿತು. 2012ರ ‘ಗಾನ್ ಗರ್ಲ್’ನಲ್ಲಿ ಗಿಲಿಯನ್ ಫ್ಲಿನ್ ಹೆಂಗಸಿಗೂ ಈ ದನಿ ಕೊಟ್ಟಳು, ಅಲ್ಲಿ ನಾಯಕಿ ಏಮಿಯ ದಿನಚರಿ ಪೊಲೀಸರು ಓದಲೆಂದೇ ಸೃಷ್ಟಿಸಿದ ಸುಳ್ಳು. ಮರುವರ್ಷ ಕಾದಂಬರಿಕಾರ್ತಿ ಕ್ಲೇರ್ ಮೆಸೂಡ್‌ಗೆ ಸಂದರ್ಶಕರೊಬ್ಬರು, ನಿಮ್ಮ ನಾಯಕಿಯ ಜೊತೆ ಸ್ನೇಹ ಮಾಡಲು ಯಾರಿಗೆ ಇಷ್ಟವಾದೀತು ಎಂದು ಕೇಳಿದಾಗ, ಹಂಬರ್ಟ್‌ನಂಥವರ ಹೆಸರು ಸಾಲಾಗಿ ಹೇಳಿ ಆಕೆ ಪ್ರಶ್ನೆಯನ್ನೇ ತಿರಸ್ಕರಿಸಿದರು. ಆಕೆಯ ನಿಲುವು ಸರಿಯಾದದ್ದು. 2014ರಲ್ಲಿ ಬಂದ ಕ್ಯಾರೊಲಿನ್ ಕೆಪ್ನೆಸ್‌ಳ ‘ಯು’ ಕಾದಂಬರಿಯಲ್ಲಿ ಪುಸ್ತಕದಂಗಡಿಯ ಜೋ ತಾನು ಬೆನ್ನಟ್ಟುವ ಹುಡುಗಿಯನ್ನೇ ‘ನೀನು’ ಎಂದು ಕರೆಯುತ್ತಾ ಕಥೆ ಹೇಳುತ್ತಾನೆ. ಓದುಗ ಕೂರಬೇಕಾದ ಕುರ್ಚಿ ಈಗ ಬಲಿಯದು. ಟಿ.ವಿ. ರೂಪದಲ್ಲಿ ಜೋ ಪಾತ್ರ ಮಾಡಿದ ಪೆನ್ ಬ್ಯಾಜ್ಲಿ, ಅವನು ಕೊಲೆಗಾರ, ಪ್ರೇಮಿಯಲ್ಲ ಎಂದು ಅಭಿಮಾನಿಗಳಿಗೆ ಬಹಿರಂಗವಾಗಿ ನೆನಪಿಸಬೇಕಾಯಿತು.

ಭಾರತದಲ್ಲಿ ಈ ದನಿ ಮತ್ತೆ ಕೇಳಿಸಿದ್ದು ಬೆಂಗಳೂರಿನಿಂದ. ಮಂಗಳೂರಿನಲ್ಲಿ ಬೆಳೆದ ಅರವಿಂದ ಅಡಿಗರಿಗೆ 2008ರ ಬುಕರ್ ತಂದ ‘ದಿ ವೈಟ್ ಟೈಗರ್’ನಲ್ಲಿ ಕಾಲ್‌ಸೆಂಟರುಗಳಿಗೆ ಕಾರು ಓಡಿಸುವ ಉದ್ಯಮಿ ಬಲರಾಮ ಹಲವಾಯಿ, ಚೀನಾದ ಪ್ರಧಾನಿಗೆ ಏಳು ರಾತ್ರಿ ಪತ್ರ ಬರೆಯುತ್ತಾನೆ. ದಿಲ್ಲಿಯಲ್ಲಿ ತನ್ನ ಧಣಿಯನ್ನು ಒಡೆದ ಬಾಟಲಿಯಿಂದ ಕೊಂದು, ಅದರಿಂದ ಊರಿನಲ್ಲಿರುವ ತನ್ನವರೆಲ್ಲ ಸಾಯಬಹುದೆಂದು ತಿಳಿದೂ, ದುಡ್ಡಿನ ಚೀಲದೊಂದಿಗೆ ಓಡಿಬಂದವನು ಅವನು. ಅಮೀರ್ ಅಲಿಯ ಎದುರಿಗೆ ಆಳುವ ಸಾಹೇಬನಿದ್ದ. ಬಲರಾಮನ ಪತ್ರಕ್ಕೆ ಉತ್ತರ ಬರುವ ಸಂಭವವೇ ಇಲ್ಲ. ಅವನನ್ನು ಸೈಕೋಪಾತ್ ಎನ್ನಲು ಮನಸ್ಸು ಒಪ್ಪದು, ಹಸಿವಿನ ಲೆಕ್ಕ ಅವನ ಮಾತಿನಲ್ಲಿ ಅಷ್ಟು ನಿಜವಾಗಿದೆ.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಹಿಡಿದು ಕನ್ನಡದ ಜನಪ್ರಿಯ ಅಪರಾಧ ಕಾದಂಬರಿ ಹೆಚ್ಚಾಗಿ ಪತ್ತೆ ಮಾಡುವವನ ಪಕ್ಕದಲ್ಲಿ ನಡೆದಿದೆ. ಅಪರಾಧದ ಮನೆಯೊಳಗೆ ಕೂತವನ ದನಿ ಕನ್ನಡದಲ್ಲಿ ಬಲವಾಗಿ ಬಂದದ್ದು ಪತ್ತೇದಾರಿಯ ಹೊರಗೆ, ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ. 2013ರಲ್ಲಿ ಬಂದ ಈ ನೀಳ್ಗತೆಯ ಹೆಸರಿಲ್ಲದ ನಿರೂಪಕ ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು, ದಿಢೀರ್ ಹಣ ಬಂದ ತನ್ನ ಕುಟುಂಬದ ಕಥೆ ಹೇಳುತ್ತಾನೆ. ಅವನು ಯಾರನ್ನೂ ಕೊಂದಿಲ್ಲ, ಯಾವ ಕೆಲಸವನ್ನೂ ಮಾಡಿದವನಲ್ಲ. ಮನೆಯವರು ಹೆಂಡತಿ ಅನಿತಾಳ ವಿರುದ್ಧ ಏನು ಮಾಡಬಲ್ಲರೆಂದು ಗೊತ್ತಿದ್ದೂ ಸುಮ್ಮನಿದ್ದವನು, ಅಷ್ಟೇ. ಕೇಳಿಸಿಕೊಳ್ಳಲು ಅಲ್ಲಿ ವಿನ್ಸೆಂಟ್ ಎಂಬ ಮಾಣಿ ಇದ್ದಾನೆ, ತೂಕದ ಎರಡು ಮಾತು ಹೇಳಿ ಬೇರೆ ಮೇಜಿನ ಕಡೆ ಹೋಗುತ್ತಾನೆ. ನ್ಯೂಗೇಟಿನ ಪಾದ್ರಿ ಮಾಡುತ್ತಿದ್ದ ವಿಚಾರಣೆಯನ್ನು ಶಾನಭಾಗರು ಓದುಗನಿಗೇ ಬಿಟ್ಟಿದ್ದಾರೆ. ಅನಿತಾಳಿಗೆ ಏನಾಯಿತೆಂದು ಕಥೆ ಹೇಳುವುದಿಲ್ಲ.